ಬಾಯಿ ಬಿಟ್ಟು ಓದದ ಕಾಗದ

ಬಾಯಿ ಬಿಡದೆ ಕಣ್ಣಲ್ಲೇ ಓದುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಓದುವುದೆಂದರೆ ಪಕ್ಕದಲ್ಲಿ ಕೂತವನಿಗೆ ಕೇಳಬೇಕು. ಹಾಗೆಂದು ನನಗೆ ಕಲಿಸಿದವರು ನಮ್ಮ ಸವಡಿಯ ಗುರುಸಂಗಯ್ಯ ಐಗಳು. ಮಠದ ಕಟ್ಟೆಯ ಮೇಲೆ ಅವರ ಶಾಲೆ. ಐಗಳ ಸಾಲಿ ಎಂದರೆ ಸುತ್ತ ನಾಲ್ಕು ಹಳ್ಳಿಗೆ ಗೊತ್ತು. ಬೆಳಗಾದರೆ ನಲವತ್ತು ಹುಡುಗರು ಒಟ್ಟಿಗೆ ಒದರುತ್ತಿದ್ದುದು ಊರ ಹೊರಗಿನ ನನ್ನ ಹೊಲದವರೆಗೆ ಕೇಳುತ್ತಿತ್ತು. ಯಾವನಾದರೂ ತುಟಿಯಲ್ಲೇ ಗೊಣಗಿದರೆ ಐಗಳು, "ಯಾರಿಗೆ ಕೇಳಬಾರದಂತ ಓದಾಕತ್ತಿಯೋ ಕಳ್ಳ?" ಎಂದು ಕೇಳಿ ಬೆತ್ತ ತೆಗೆಯುತ್ತಿದ್ದರು.

ನನ್ನ ಹೆಸರು ಉಡಚಪ್ಪ. ಒಕ್ಕಲುತನ ಮಾಡುವವನು. ಐಗಳ ಕೈಯಲ್ಲಿ ಏಳು ವರ್ಷ ಕಲಿತೆ. ಅದರಲ್ಲಿ ಒಂದು ವರ್ಷವನ್ನಾದರೂ ಶಿಕ್ಷೆಗೆಂದು ತೊಲೆಗೆ ಕಟ್ಟಿದ ಕೋದಂಡದ ಹಗ್ಗಕ್ಕೆ ಜೋತುಬಿದ್ದೇ ಕಳೆದಿರಬೇಕು. ಮೊದಲು ಉಸುಕಿನಲ್ಲಿ ಬೆರಳಿನಿಂದ ತೀಡಬೇಕು. ಬೆರಳ ತುದಿ ಸುಲಿದ ಮೇಲೆ ಕಡತ ಕೈಗೆ ಬರುತ್ತಿತ್ತು. ಕಡತವೆಂದರೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲಪುಡಿ ಕಲಸಿ ಅರಿವೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಾಡಿದ ಕರಿ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುವುದು. ಉಸುಕಿನಲ್ಲಿ ಬರೆದ ಅಕ್ಷರವನ್ನು ಅಪ್ಪಿತಪ್ಪಿ ತುಳಿದರೆ ಮುಗಿಯಿತು, ಆ ದಿನ ಊಟವಿಲ್ಲ. ಅಕ್ಷರ ತುಳಿಯುವುದು ಹೆತ್ತವ್ವನನ್ನು ತುಳಿದಂತೆ ಎನ್ನುತ್ತಿದ್ದರು.

ಆಗಿನ ಕಾಲಕ್ಕೆ ನಮ್ಮ ಸೀಮೆಯಲ್ಲಿ ಬಾಯಿಗೊಂದು ಮಾತು, ಕಾಗದಕ್ಕೊಂದು ಮಾತು. ಹೊಲದಲ್ಲಿ, ಸಂತೆಯಲ್ಲಿ, ಬಾಣಂತಿಯ ಕೋಣೆಯಲ್ಲಿ ಕನ್ನಡ. ನರಗುಂದದ ಅರಸರ ವಾಡೆಯಲ್ಲಿ, ಗಜೇಂದ್ರಗಡದ ಜಹಗೀರಿಯಲ್ಲಿ, ರೋಣದ ಕಚೇರಿಯಲ್ಲಿ ಬರೆಯುವುದೆಲ್ಲ ಮರಾಠಿ. ಅದೂ ಮೋಡಿ ಅಕ್ಷರದಲ್ಲಿ. ಲೆಕ್ಕಣಿಕೆ ಇಟ್ಟರೆ ಸಾಲು ಮುಗಿಯುವವರೆಗೆ ಕೈ ಎತ್ತುವಂತಿಲ್ಲ, ಒಂದು ಶಬ್ದಕ್ಕೂ ಇನ್ನೊಂದಕ್ಕೂ ನಡುವೆ ಸಂದಿಲ್ಲ. ಹೊಲ ನನ್ನದು, ಅಜ್ಜನ ಕಾಲದಿಂದ ನನ್ನದು. ಆದರೆ ಅದು ನನ್ನದೆಂದು ಹೇಳುವ ಕಾಗದದಲ್ಲಿ ನನ್ನ ಹೆಸರು ಎಲ್ಲಿದೆಯೆಂದು ತೋರಿಸು ಎಂದರೆ ನನಗೆ ತೋರಿಸಲು ಬಾರದು. ಹೀಗಿರುವಾಗ ಜನ ಐಗಳ ಎದುರಿಗೇ ಕೇಳತೊಡಗಿದರು: "ಕನ್ನಡ ಕಲತ ಏನ ಮಾಡೂದೈತ್ರಿ ಐಗಳ್ರ? ಶ್ರಾವಣದಾಗ ಪುರಾಣ ಓದೂದಾ?" ಮಕ್ಕಳನ್ನು ಬಿಡಿಸಿ ಗಜೇಂದ್ರಗಡದ ಪಂತೋಜಿಯ ಹತ್ತಿರ ಕಳಿಸಿದರು. ನಲವತ್ತು ಹೋಗಿ ಹನ್ನೊಂದು ಉಳಿದವು. ಐಗಳು ಹನ್ನೊಂದು ಬಾಯಿಂದ ನಲವತ್ತರ ದನಿ ತೆಗೆಸಲು ನೋಡಿದರು.

ಐಗಳಿಗೆ ಒಬ್ಬನೇ ಮಗ, ಪ್ರಭುಲಿಂಗ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಅವನನ್ನು ಗಜೇಂದ್ರಗಡದಲ್ಲಿದ್ದ ಸೋದರಮಾವನ ಅರಿವೆ ಅಂಗಡಿಗೆ ಕಳಿಸಿದ್ದರು. ಹುಡುಗ ಅಲ್ಲಿ ಯಾರಿಗೂ ಹೇಳದೆ ಮೋಡಿ ಕಲಿತ. ಹದಿನೆಂಟಕ್ಕೆ ನರಗುಂದದ ವಾಡೆಯ ಜೋಳದ ಕೋಠಿಯಲ್ಲಿ ಚೀಟಿ ಬರೆಯುವ ಚಾಕರಿ ಸಿಕ್ಕಿತು. ಆ ಸುದ್ದಿ ಹೇಳಲು ಓಡಿ ಬಂದವನು ನೇರ ಶಾಲೆಗೆ ಬಂದ. ಹುಡುಗರೆಲ್ಲ ನೋಡುತ್ತಿರುವಂತೆ ಉಸುಕಿನಲ್ಲಿ ಕೂತು, ನಗುನಗುತ್ತ, ಅಪ್ಪನ ಹೆಸರನ್ನು ಮೋಡಿಯಲ್ಲಿ ಬರೆದ. ಅಪ್ಪ ಹಿಗ್ಗುತ್ತಾರೆಂದು ತಿಳಿದಿದ್ದನೋ ಏನೋ. ನಾನು ಅವತ್ತು ಮಠಕ್ಕೆ ಜೋಳ ಹಾಕಲು ಹೋಗಿದ್ದೆ, ಕಣ್ಣಾರೆ ಕಂಡೆ. ಐಗಳು ಎದ್ದು ಬಂದು ಆ ಅಕ್ಷರಗಳನ್ನು ಕಾಲಿನಿಂದ ಅಳಿಸಿದರು.

"ಈ ಅಕ್ಷರದಾಗ ನನಗ ಎಂದೂ ಕಾಗದ ಬರೀಬ್ಯಾಡ," ಎಂದರು. "ಬರದರ ನಾ ಓದಾಂವಲ್ಲ."

ಪ್ರಭುಲಿಂಗ ಅದೇ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೊರಟ. ಎಂಟು ವರ್ಷ ಅಪ್ಪ ಮಗ ಮಾತಾಡಲಿಲ್ಲ. ದೀಪಾವಳಿಗೆ ಬಂದರೆ ಅವನು ಅಡಿಗೆಮನೆಯಲ್ಲಿ, ಇವರು ಪಡಸಾಲೆಯಲ್ಲಿ. ನಡುವೆ ಚನ್ನವ್ವ, ಐಗಳ ಹೆಂಡತಿ. "ನಿಮ್ಮ ಮಗಾ ಕೇಳತಾನ, ಕೆಮ್ಮ ಕಡಿಮಿ ಆಗೇತೇನಂತ." "ಆಗೇತಂತ ಹೇಳು." ಒಂದೇ ಗೋಡೆ, ಆಚೆ ಈಚೆ ಎಲ್ಲ ಕೇಳುತ್ತಿತ್ತು. ಆದರೂ ಪಾಪ ಆಕೆ ಎರಡೂ ಕಡೆ ಎದ್ದೆದ್ದು ಹೋಗಿ ಹೇಳುತ್ತಿದ್ದಳು. ಅದನ್ನು ನೆನೆದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ಸಾವಿರದ ಎಂಟುನೂರ ಐವತ್ತೆಂಟರ ಬೇಸಿಗೆಯಲ್ಲಿ ನರಗುಂದವು ಇಂಗ್ರೇಜಿ ಸರಕಾರದ ವಿರುದ್ಧ ಎದ್ದಿತು. ನಾಲ್ಕು ದಿನದ ಸಂಭ್ರಮ. ಆಮೇಲೆ ತೋಪುಗಳು ಬಂದವು, ಕೋಟೆ ಬಿತ್ತು, ಅರಸರು ಹೋದರು. ಉಳಿದವರನ್ನು ಹುಡುಕಿ ಹುಡುಕಿ ಹಿಡಿದರು. ಕತ್ತಿ ಹಿಡಿದವನೂ ಬಂಡುಗಾರ, ಕತ್ತಿ ಹಿಡಿದವನಿಗೆ ಜೋಳ ಅಳೆದು ಕೊಟ್ಟವನೂ ಬಂಡುಗಾರ. ಕೋಠಿಯ ಚೀಟಿಗಳಲ್ಲಿ ಪ್ರಭುಲಿಂಗನ ಕೈಬರಹ ಸಿಕ್ಕಿತು, ಅವನನ್ನು ವಾಡೆಯಲ್ಲೇ ಕೂಡಿಹಾಕಿದರು. ಚನ್ನವ್ವ ಹೋಗುತ್ತೇನೆಂದು ಹಟ ಹಿಡಿದಳು. ದಾರಿಯಲ್ಲೆಲ್ಲ ಚೌಕಿ, ಹೋದವರನ್ನೂ ಹಿಡಿದು ಕೂಡಿಸುತ್ತಾರೆ ಎಂದು ಊರವರೆಲ್ಲ ತಡೆದರು. ತಡೆದವರಲ್ಲಿ ನಾನೂ ಒಬ್ಬ.

ಕಾರಹುಣ್ಣಿಮೆಗೆ ಇನ್ನೂ ಎಂಟು ದಿನ ಇತ್ತು. ವಾಡೆಯ ಕುದುರೆಗಳಿಗೆ ಹುಲ್ಲು ಹಾಕುವ ಮದರಸಾಬ ಐಗಳ ಮನೆಗೆ ಬಂದ. ನಾನು ಅಲ್ಲೇ ಇದ್ದೆ. ರುಮಾಲಿನ ಮಡಿಕೆಯಿಂದ ಒಂದು ಕಾಗದ ತೆಗೆದು ಐಗಳ ಕೈಗೆ ಕೊಟ್ಟ.

"ನಿಮ್ಮ ಹುಡುಗ ಕೊಟ್ಟಾನ್ರಿ. ಕಿಡಕ್ಯಾಗಿಂದ ಹುಲ್ಲಿನ ಹೊರಿಮ್ಯಾಲ ಒಗದಾ. ಬರೇ 'ಸವಡಿ' ಅಂದಾ, ಅಷ್ಟರಾಗ ಪಾರೇ ಸಿಪಾಯಿ ಬಂದಾ. ಮಾತಾಡಾಕ ಆಗಲಿಲ್ರಿ."

"ಹ್ಯಾಂಗ ಅದಾನೋ?" ಚನ್ನವ್ವ ಬಾಗಿಲಲ್ಲಿ ನಿಂತು ಕೇಳಿದಳು.

"ಸೊರಗ್ಯಾನ್ರಿ ಅಮ್ಮಾರ. ಅದಾನ."

ಐಗಳು ಕಾಗದ ಬಿಚ್ಚಿದರು. ಈ ತುದಿಯಿಂದ ಆ ತುದಿಯವರೆಗೆ ಮೋಡಿ. ಅವರ ಮುಖ ನೋಡಿದೆ. ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. ಕಾಗದವನ್ನು ಮೇಲೆ ಕೆಳಗೆ ತಿರುಗಿಸಿದರು. ನಾಲ್ಕು ನೂರು ಹುಡುಗರಿಗೆ ಅಕ್ಷರ ಕಲಿಸಿದ ಮನುಷ್ಯನಿಗೆ ಯಾವ ಕಡೆ ಹಿಡಿಯಬೇಕೆಂದು ತಿಳಿಯಲಿಲ್ಲ.

"ಏನ ಬರದಾನ್ರಿ?" ಚನ್ನವ್ವ ಕೇಳಿದಳು. ಆಕೆಗೆ ಯಾವ ಅಕ್ಷರವೂ ಗೊತ್ತಿರಲಿಲ್ಲ, ಎಲ್ಲ ಅಕ್ಷರವೂ ಗಂಡನಿಗೆ ಗೊತ್ತೆಂದು ನಂಬಿದ್ದಳು.

"ಓದಸಬೇಕು," ಎಂದರು ಐಗಳು.

ಊರಲ್ಲಿ ಮೋಡಿ ಬಲ್ಲವರು ಕುಲಕರ್ಣಿ ಪ್ರಾಣೇಶರಾಯರು ಒಬ್ಬರೇ. ಅವರ ಮನೆಮಾತು ಕನ್ನಡ, ದಫ್ತರದ ಮಾತು ಮರಾಠಿ. ಕೆಟ್ಟ ಮನುಷ್ಯನಲ್ಲ, ಆದರೆ ಆ ದಿನಗಳಲ್ಲಿ ಅವರ ಜೀವ ಅಂಗೈಯಲ್ಲಿತ್ತು. ಐಗಳು ಕಾಗದ ಮುಂದೆ ಚಾಚುತ್ತಲೇ ರಾಯರು ಎರಡು ಹೆಜ್ಜೆ ಹಿಂದೆ ಸರಿದರು.

"ನಾ ಮುಟ್ಟೂದಿಲ್ಲ ಐಗಳೆ. ವಾಡೇದೊಳಗಿಂದ ಬಂದ ಕಾಗದ ನೋಡೀರಿ ಅಂತ ನಾಳೆ ಸಾಹೇಬ ಕೇಳಿದ್ರ ಏನು ಹೇಳ್ಲಿ? ನನಗೂ ಮಕ್ಕಳವ. ಝಡತಿಯವರು ಊರೂರು ತಿರಗ್ಲಿಕ್ಕತ್ತಾರ, ಅವರು ಹೋಗೂತನಕ ಅದನ್ನ ಹೊರಗ ತಗೀಬ್ಯಾಡ್ರಿ."

ಅದೂ ಖರೆ. ಮನೆ ಮನೆ ಹೊಕ್ಕು ಕತ್ತಿ, ಬಂದೂಕು, ಕಾಗದ ಹುಡುಕುವ ಸಿಪಾಯಿಗಳು ಹತ್ತಿರದ ರಾಜೂರಿನವರೆಗೆ ಬಂದಿದ್ದರು. ಐಗಳು ಕಾಗದವನ್ನು ರುಮಾಲಿನ ಒಳಸುತ್ತಿನಲ್ಲಿ ಇಟ್ಟುಕೊಂಡರು. ಆ ವಾರ ಶಾಲೆ ನಡೆಯಿತು, ಆದರೆ ಬೆತ್ತ ಎದ್ದಿದ್ದು ಯಾರೂ ಕಾಣಲಿಲ್ಲ. ಮಧ್ಯಾಹ್ನ ಹುಡುಗರು ಹೋದ ಮೇಲೆ ಕಾಗದವನ್ನು ತೊಡೆಯ ಮೇಲೆ ಹರವಿಕೊಂಡು, ಅದರಲ್ಲಿನ ಗೆರೆಗಳನ್ನು ಉಸುಕಿನಲ್ಲಿ ನೋಡಿ ನೋಡಿ ತೀಡುತ್ತಿದ್ದರು. ಒಂದು ದಿನ ನಾನು ಹಿಂದೆ ಬಂದು ನಿಂತದ್ದೂ ಅವರಿಗೆ ಗೊತ್ತಾಗಲಿಲ್ಲ. ಹಾಗೆ ತೀಡಿದರೆ ಮಗನ ಮಾತು ಬೆರಳಿಗಾದರೂ ತಿಳಿದೀತೆಂದು ಇತ್ತೇನೋ. ನನಗೆ ಅಳು ಬಂತು, ಬಂದಂತೆಯೇ ಹಿಂದಿರುಗಿ ಹೋದೆ.

ಕಾರಹುಣ್ಣಿಮೆ ಆಯಿತು. ಸಿಪಾಯಿಗಳು ಸೀಮೆ ಬಿಟ್ಟರು. ಮರುದಿನ ಎತ್ತಿನ ಕೋಡಿನ ಬಣ್ಣ ಇನ್ನೂ ಮಾಸಿರಲಿಲ್ಲ, ನಾನು ಗಾಡಿ ಹೂಡಿ ಐಗಳನ್ನು ರೋಣಕ್ಕೆ ಕರೆದೊಯ್ದೆ. ಕಚೇರಿಗೆ ಪುಣೆಯ ಕಡೆಯ ಹೊಸ ಕಾರಕೂನ ಬಂದಿದ್ದ, ತರುಣ, ಪುಕ್ಕಲನಲ್ಲ ಎಂದು ಕೇಳಿದ್ದೆವು. ಬೆಳಗಿನಿಂದ ಮಧ್ಯಾಹ್ನ ಇಳಿಯುವವರೆಗೆ ಅವನ ಕಟ್ಟೆಯ ಮೇಲೆ ಕೂತೆವು. ಕಡೆಗೆ ಕರೆದ. ನಮ್ಮ ಮಾತು ಅವನಿಗೆ ಬಾರದು, ಅವನ ಮಾತು ನಮಗೆ ಅರ್ಧ. ನಡುವೆ ಒಬ್ಬ ಪಟ್ಟೇವಾಲ ಜವಾನ ನಿಂತು ಎರಡೂ ಕಡೆ ತಿಳಿಸಿ ಹೇಳಿದ.

ಕಾರಕೂನ ಕಾಗದ ತೆಗೆದುಕೊಂಡು ಓದಿದ. ಕಣ್ಣಲ್ಲಿ! ತುಟಿ ಅಲುಗಲಿಲ್ಲ. ಮೊದಲ ಸಾಲಿನ ಮೇಲೆ ಕಣ್ಣು ಎರಡು ಸಲ ಹೋಗಿಬಂತು. ಹುಬ್ಬು ಗಂಟಾಯಿತು. ನಡುವೆ ಒಂದು ಕಡೆ ನೋಡಿದ, ಕೊನೆಗೆ ನೋಡಿದ. ಕಾಗದವನ್ನು ಮಡಿಸಿ, ಸುಡುವ ಕೆಂಡದಂತೆ ಐಗಳ ಮುಂದೆ ಇಟ್ಟ. ಪಟ್ಟೇವಾಲ ದನಿ ತಗ್ಗಿಸಿ ನಮಗೆ ಹೇಳಿದ: "ಇದು ಮರಾಠಿ ಅಲ್ಲಂತ್ರಿ. ಯಾವ ಮಾತೂ ಅಲ್ಲಂತ. ಬಂಡುಗಾರರು ತಮ್ಮತಮ್ಮೊಳಗ ಬರಕೊಳ್ಳೂ ಗುಪ್ತ ಬರಹ ಅಂತ. ಈ ರಾವಸಾಹೇಬ್ರು ಒಳ್ಳೇವ್ರು, ಕಾಗದ ನೋಡೇ ಇಲ್ಲ ಅಂತಾರ. ಲಗೂ ಒಯ್ದ ಸುಟ್ಟಬಿಡ್ರಿ."

ಒಂದೇ ಒಂದು ಸಾಲು ಬಾಯಿ ಬಿಟ್ಟು ಓದಿದ್ದರೆ! ಅದೇ ಒಂದಕ್ಕೆ ನಾನು ಆ ಮನುಷ್ಯನನ್ನು ಇಷ್ಟು ವರ್ಷವಾದರೂ ಕ್ಷಮಿಸಿಲ್ಲ. ಆದರೆ ನಮ್ಮನ್ನು ಯಾರು ಕ್ಷಮಿಸಬೇಕು? ಮೋಡಿ ಎಂದರೆ ಮರಾಠಿ ಎಂದು ನಮ್ಮ ಸೀಮೆಯವರೆಲ್ಲ ನಂಬಿದ್ದೆವು. ನಾನೂ ನಂಬಿದ್ದೆ, ಐಗಳೂ ನಂಬಿದ್ದರು. ಆ ಅಕ್ಷರದಲ್ಲಿ ಬೇರೆ ಮಾತನ್ನೂ ಬರೆಯಬಹುದೆಂದು ಗಾಡಿಯಲ್ಲಿ ಕೂತು ಬರುವಾಗಲೂ ನಮ್ಮ ತಲೆಗೆ ಹೊಳೆಯಲಿಲ್ಲ. ಐಗಳು ಒಂದೇ ಮಾತು ಆಡಿದರು: "ನನ್ನ ಮಗಾ ನನಗ ಯಾಕ ಗುಪ್ತ ಬರಹ ಬರದಾನೋ?"

ಮನೆಯಲ್ಲಿ ಚನ್ನವ್ವ ಸುಡಗೊಡಲಿಲ್ಲ. "ತಿಳೀದಿದ್ರ ತಿಳೀವಲ್ದ್ಯಾಕ. ಅವನ ಕೈ ಆಡಿದ್ದು," ಎಂದು ಕಾಗದವನ್ನು ಲಿಂಗದ ಗೂಡಿನಲ್ಲಿ ಇಟ್ಟಳು.

ಹನ್ನೆರಡು ದಿನ ಅದು ಅಲ್ಲೇ ಇತ್ತು. ಆಮೇಲೆ ಮದರಸಾಬ ಮತ್ತೆ ಬಂದ. ವಾಡೆಯಲ್ಲಿದ್ದವರನ್ನೆಲ್ಲ ಧಾರವಾಡಕ್ಕೆ ಒಯ್ದರೆಂದು ಹೇಳಿದ. ಕಾಗದ ಇನ್ನೂ ಓದಿಸಿಲ್ಲವೆಂದು ಕೇಳಿ ತಲೆ ತಲೆ ಬಡಿದುಕೊಂಡ. ನರಗುಂದದಲ್ಲಿ ಗುಡ್ಡದ ಕೆಳಗಿನ ಓಣಿಯಲ್ಲಿ ಶಾರದಾಬಾಯಿ ಎಂಬ ವಿಧವೆ ಇದ್ದಾಳೆ, ಮರಾಠಿ ಸೀಮೆಯ ವಾಯಿಯ ಕಡೆಯವಳು, ವಾಡೆಯಲ್ಲಿ ಬರೆಯುತ್ತಿದ್ದ ಅಣ್ಣನ ಹಿಂದೆ ಎರಡು ವರ್ಷದ ಕೆಳಗೆ ಬಂದವಳು, ಸಿಕ್ಕಿಬಿದ್ದವರ ಮನೆಯವರಿಗೆಲ್ಲ ಕಾಗದ ಓದಿಕೊಡುತ್ತಾಳೆ ಎಂದ. ಮರುದಿನವೇ ಗಾಡಿ ಹೂಡಿದೆ.

ಆಕೆಯ ಮನೆಯ ಅರ್ಧ ಮಾಳಿಗೆ ತೋಪಿನ ಏಟಿಗೆ ಕುಸಿದಿತ್ತು. ಉಳಿದ ಅರ್ಧದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅಂಜುವುದಿಲ್ಲವೇ ಎಂದು ನಾನು ಕೇಳಿದೆ. ಹರಕು ಕನ್ನಡದಲ್ಲಿ ಅಂದಳು: "ಅಣ್ಣ ಹೋದಾ. ಮನಿ ಹೋತು. ಅಂಜಲಿಕ್ಕೆ ಏನ ಉಳದದ?" ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ದಿನಾ ಸಂಜೆ ಓಣಿಯ ಹೆಂಗಸರಿಗೆ ಪೋಥಿ-ಪುರಾಣ ಓದಿ ಹೇಳುವ ರೂಢಿ ಆಕೆಗೆ. ಹಾಗಾಗಿ ಗಟ್ಟಿಯಾಗಿ, ಒಂದೊಂದೇ ಅಕ್ಷರ ಎತ್ತಿ, ರಾಗದಲ್ಲಿ ಓದಿದಳು.

"ಅ... ಪಾ... ರ... ಶ... ರ... ಣ... ರಿ... ಈ... ಅ... ಕ್ಷ... ರ... ದಾ... ಗ..."

ನಿಂತಳು. "ಹೇ ಮರಾಠೀ ನಾಹೀ," ಎಂದು ನಮ್ಮತ್ತ ನೋಡಿದಳು.

ಐಗಳು ಮೊಣಕಾಲೂರಿ ಮುಂದೆ ಬಂದಿದ್ದರು. ಕೈ ಮುಗಿದು ಅಂದರು: "ನಿಲ್ಲಸಬ್ಯಾಡ್ರಿ ಅವ್ವಾರ. ಓದ್ರಿ. ನಿಮಗ ತಿಳೀದಿದ್ರೂ ಓದ್ರಿ. ಅದು ನಮ್ಮ ಮಾತು."

ಆಕೆ ಓದಿದಳು. ತನ್ನ ಹರಕು ಕನ್ನಡಕ್ಕೆ ಅರ್ಥವಾಗದ ಅಕ್ಷರಗಳನ್ನು ಕಾಳು ಆರಿಸಿದಂತೆ ಒಂದೊಂದಾಗಿ ಎತ್ತಿ ಕೊಟ್ಟಳು. ಐಗಳು ಆಕೆಯ ಹಿಂದೆಯೇ ಗಟ್ಟಿಯಾಗಿ ಹೇಳಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ಜೋಳಿಗೆಯಲ್ಲಿದ್ದ ಕಡತ ತೆಗೆದು ಬಳಪದಿಂದ ಕನ್ನಡದಲ್ಲಿ ಬರೆದುಕೊಂಡರು. ಆಕೆ ಹೇಳುವುದು, ಇವರು ಒದರುವುದು. ನಮ್ಮ ಶಾಲೆಯಲ್ಲಿ ನಾವು ಕಲಿತದ್ದು ಹಾಗೆಯೇ. ಅರವತ್ತೆರಡು ವರ್ಷದ ಮುದುಕ ಆ ಮುರುಕು ಮನೆಯಲ್ಲಿ ಹುಡುಗನಂತೆ ಒದರಿ ಒದರಿ ಓದಿದರು. ಕಡತದಲ್ಲಿ ಬಿದ್ದದ್ದು ಇಷ್ಟು:

"ಅಪ್ಪಾರ, ಶರಣ್ರಿ. ಈ ಅಕ್ಷರದಾಗ ಬರೀಬ್ಯಾಡ ಅಂದಿದ್ರಿ, ತಪ್ಪಾತು. ಎಂಟ ವರ್ಷ ಇದನ್ನ ಬರದ ಬರದ ಕೈಗೆ ಇದ ರೂಢಿ ಆಗೇತಿ. ಪಾರೇದವ ಹೊಳ್ಳಿ ಬರೂದರೊಳಗ ಮುಗಸಬೇಕು, ನಮ್ಮ ಅಕ್ಷರ ಬರಿಯಾಕ ಹೋದ್ರ ಕೈ ತಡೀತೈತಿ. ಅಕ್ಷರ ಅವರದು, ಮಾತ ನಿಮ್ದ ಐತಿ. ಯಾರ ಕಡಿಂದರ ಓದಸ್ರಿ. ಬಾಯಿಬಿಟ್ಟ ಓದಾಕ ಹೇಳ್ರಿ, ಕೇಳಿದ್ರ ನಿಮಗ ತಿಳೀತೈತಿ. ನಾ ಯಾರನ್ನೂ ಕಡದಿಲ್ಲ, ಜ್ವಾಳಾ ಅಳದ ಚೀಟಿ ಬರದೇನಿ. ಕಾರಹುಣ್ಣಿವಿ ಮರದಿನಾ ನಮ್ಮನ್ನ ಧಾರವಾಡಕ್ಕ ಒಯ್ಯತಾರ. ಮಧ್ಯಾಹ್ನಕ್ಕ ಬೆಣ್ಣಿಹಳ್ಳದ ದಂಡಿಮ್ಯಾಲ ಬಂಡಿ ಬಿಡತಾರಂತ. ಅಲ್ಲಿ ಮನಿ ಮಂದಿ ಬಂದ ನಿಂತ್ರ ಬ್ಯಾಡ ಅನ್ನೂದಿಲ್ಲಂತ. ಅವ್ವನ್ನ ಕರಕೊಂಡ ಬರ್ರಿ. ನೀವು ನನ್ನ ಕೂಡ ಮಾತಾಡದಿದ್ರೂ ನಡೀತೈತಿ. ದೂರ ನಿಂತ್ರೂ ಸಾಕು, ನಿಮ್ಮ ರುಮಾಲ ನಾ ಗುರತ ಹಿಡೀತೇನಿ."

ಓದಿ ಮುಗಿದ ಮೇಲೆ ಶಾರದಾಬಾಯಿ ಬೆವರು ಒರೆಸಿಕೊಂಡಳು. ಕಷ್ಟದ ಕೆಲಸ ಮುಗಿಸಿದ ಸಮಾಧಾನ ಆಕೆಯ ಮುಖದಲ್ಲಿತ್ತು. ಐಗಳನ್ನು ನೋಡಿ ಕೇಳಿದಳು: "ಚಲೋ ಖಬರ ಅದನ ಕಾಕಾ?"

"ಹೌದ್ರಿ ಅವ್ವಾರ," ಎಂದರು ಐಗಳು. "ಚಲೋ ಖಬರ ಐತಿ." ಆಕೆಯ ಎದುರು ಹಣೆ ನೆಲಕ್ಕೆ ಹಚ್ಚಿ ನಮಸ್ಕಾರ ಮಾಡಿ ಎದ್ದರು.

ಗಾಡಿಯಲ್ಲಿ ನಾನು ದಿನ ಎಣಿಸಿ ಎಣಿಸಿ ನೋಡಿದೆ, ಹೇಗೆ ಎಣಿಸಿದರೂ ಹೋದ ದಿನ ಹೋದದ್ದೇ. ಐಗಳು ಚನ್ನವ್ವನಿಗೆ ಆ ಹಳ್ಳದ ದಂಡೆಯ ಮಾತನ್ನು ಬಿಟ್ಟು ಓದಿ ಹೇಳುತ್ತಾರೆಂದು ತಿಳಿದಿದ್ದೆ. ನಾನಾಗಿದ್ದರೆ ಬಿಡುತ್ತಿದ್ದೆ. ಆದರೆ ಐಗಳು ಅಕ್ಷರ ನುಂಗುವವರಲ್ಲ. ಪಡಸಾಲೆಯಲ್ಲಿ ಕೂತು, ಕಡತ ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಚನ್ನವ್ವ ಕಂಬಕ್ಕೆ ಆತು ಕೇಳಿದಳು.

"ಕಾರಹುಣ್ಣಿವಿ ಮರದಿನಾ ನಾವು ಎಲ್ಲಿದ್ವಿ?" ಎಂದು ಕೇಳಿದಳು.

"ನಾ ರೋಣದಾಗ. ಕಾರಕೂನನ ಕಟ್ಟಿಮ್ಯಾಲ."

"ನಾ ಇಲ್ಲೇ ಬಾಗಲದಾಗ ಕುಂತಿದ್ದೆ. ನೀವು ಬಂದ ಏನ ಹೇಳ್ತೀರಿ ಅಂತ. ಅಂವಾ ದಾರಿ ನೋಡಿರತಾನಲ್ರಿ?"

"ನೋಡಿರತಾನ."

"ಅಪ್ಪನ ಸಿಟ್ಟ ಇನ್ನೂ ಇಳದಿಲ್ಲ ಅಂತ ತಿಳಕೊಂಡ ಹೋಗಿರತಾನ."

ಐಗಳ ಭುಜಗಳು ಅಲುಗುತ್ತಿದ್ದವು. ಅವರು ಅಳುವುದನ್ನು ನಾನು ಅದೇ ಮೊದಲು ಕಂಡದ್ದು. ಚನ್ನವ್ವ ಅಳಲಿಲ್ಲ. "ಹಂಗಲ್ಲ ಅಂತ ಅವಗ ಯಾರ ಹೇಳತಾರ?" ಎಂದು ಮಾತ್ರ ಕೇಳಿ ಒಳಗೆ ಹೋದಳು.

ಎಂಟು ದಿನಕ್ಕೆ ಪ್ರಾಣೇಶರಾಯರು ತಾವಾಗಿಯೇ ಬಂದು, ತಲೆ ತಗ್ಗಿಸಿ, ಪ್ರಭುಲಿಂಗನಿಗೆ ಕರಿನೀರು ಎಂದು ತೀರ್ಪಾಯಿತೆಂದು ಹೇಳಿದರು. ಹಡಗು ಹತ್ತಿಸುವವರೆಗೆ ಧಾರವಾಡದಲ್ಲೇ ಇಡುತ್ತಾರೆ. ಭೇಟಿಗೆ ಬಿಡುವುದಿಲ್ಲ, ಕಾಗದವನ್ನಾದರೆ ಜೇಲಿನ ಕಾರಕೂನ ಓದಿ ನೋಡಿ ಒಳಗೆ ಬಿಡುತ್ತಾನೆ. ಆದರೆ ಅದು ಅವನಿಗೆ ಓದಲು ಬರುವ ಅಕ್ಷರದಲ್ಲಿರಬೇಕು. "ನೀವು ಹೇಳ್ರಿ, ನಾನೇ ಬರದು ಕೊಡತೇನಿ," ಎಂದರು.

"ಬ್ಯಾಡ್ರಿ ರಾಯರ," ಎಂದರು ಐಗಳು. "ನಾನ ಬರೀಬೇಕು."

ಹನ್ನೊಂದು ಹುಡುಗರನ್ನು ನನಗೆ ಒಪ್ಪಿಸಿ ನರಗುಂದಕ್ಕೆ ಹೋದರು. ಅಲ್ಲಿಯ ಮಠದಲ್ಲಿ ಉಂಡು ಮಲಗುವುದು, ಹಗಲೆಲ್ಲ ಶಾರದಾಬಾಯಿಯ ಮುರುಕು ಪಡಸಾಲೆಯಲ್ಲಿ ಉಸುಕು ಹರವಿಕೊಂಡು ಕೂರುವುದು. ಒಮ್ಮೆ ಹಿಟ್ಟು ಕೊಡಲು ಹೋಗಿ ನೋಡಿದೆ. ಆಕೆ ಮಗ್ಗುಲಲ್ಲಿ ನಿಂತು ಬಯ್ಯುತ್ತಿದ್ದಳು: "ಕೈ ಎತ್ತಬ್ಯಾಡ್ರಿ ಕಾಕಾ, ಕೈ ಎತ್ತಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ!" ಐವತ್ತು ವರ್ಷ ಅಕ್ಷರಕ್ಕೊಮ್ಮೆ ಎತ್ತಿ ಬರೆದ ಕೈ ಅದು, ಕೇಳುತ್ತಿರಲಿಲ್ಲ. ಬೆರಳಿನ ತುದಿ ಸುಲಿದಿತ್ತು. ನನ್ನನ್ನು ಕಂಡು ನಾಚಿಕೊಂಡರು. ಒಂದು ತಿಂಗಳು ಹಿಡಿಯಿತು. ಅವರಿಗೆ ಬೇಕಾದ್ದು ಒಂದು ಕಾಗದ ಬರೆಯುವಷ್ಟೇ.

ಐಗಳು ಹಟ ಹಿಡಿಯದಿದ್ದರೆ ನಮ್ಮೂರಲ್ಲಿ ಕನ್ನಡ ಅಕ್ಷರ ಬಲ್ಲವರು ಇರುತ್ತಿರಲಿಲ್ಲ, ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಹಟ ಹಿಡಿದದ್ದಕ್ಕೆ ಮಗ ಹಳ್ಳದ ದಂಡೆಯಲ್ಲಿ ದಾರಿ ನೋಡಿ ಹೋದ. ಎರಡೂ ಖರೆ. ಇವೆರಡರಲ್ಲಿ ಯಾವುದು ದೊಡ್ಡದೆಂದು ಯಾರಾದರೂ ನನ್ನನ್ನು ಕೇಳಿದರೆ ಹೊಡೆಯಲು ಕೈ ಏಳುತ್ತದೆ.

ಶ್ರಾವಣದ ಮೊದಲ ವಾರ ಮೂವರೂ ಗಾಡಿಯಲ್ಲಿ ಧಾರವಾಡಕ್ಕೆ ಹೋದೆವು. ಚನ್ನವ್ವ ರೊಟ್ಟಿ, ಅದಕ್ಕೆ ನೆಂಚಿಕೊಳ್ಳಲು ಶೇಂಗಾದ ಹಿಂಡಿ ಕಟ್ಟಿಕೊಂಡಿದ್ದಳು. ಕಾಗದದ ಜೊತೆ ಬುತ್ತಿಯನ್ನೂ ಒಳಗೆ ಬಿಟ್ಟಾರೆಂದು ಆಕೆಯ ಆಸೆ. ಜೇಲಿನ ಬಾಗಿಲಲ್ಲಿ ಕಾರಕೂನ ಹೆಸರು ಕೇಳಿ ದಫ್ತರ ತಿರುವಿದ. "ಕರಿನೀರಿನವರೇನು? ಅವರು ಮುಂಬೈಗೆ ಹೋಗಿ ಒಂಬತ್ತು ದಿನ ಆತು," ಎಂದ. ಇಷ್ಟೊತ್ತಿಗೆ ಹಡಗು ಬಿಟ್ಟಿರಬೇಕೆಂದೂ ಹೇಳಿದ. ಅಲ್ಲಿಗೆ ಕಾಗದ ಹೋಗುತ್ತದೆಯೇ ಎಂದು ನಾನು ಕೇಳಿದೆ. ಅವನು ನನ್ನನ್ನು ಮರುಕದಿಂದ ನೋಡಿದ, ಒಳ್ಳೆಯವನೇ ಇದ್ದ, ಇಲ್ಲವೆಂದು ಬಾಯಿಂದ ಹೇಳಲಿಲ್ಲ.

ಹೊರಳಿ ಬರುವಾಗ ನವಲಗುಂದ ದಾಟಿ ಬೆಣ್ಣಿಹಳ್ಳಕ್ಕೆ ಬಂದೆವು. ಮೇಲೆಲ್ಲೋ ಮಳೆಯಾಗಿ ಹಳ್ಳ ದಡ ತುಂಬಿ ಹರಿಯುತ್ತಿತ್ತು. ನೀರು ಇಳಿಯುವವರೆಗೆ ದಾಟುವಂತಿರಲಿಲ್ಲ. ಎತ್ತು ಬಿಚ್ಚಿದೆ. ದಂಡೆಯ ಮೇಲೆ ಬಂಡಿಗಳು ನಿಂತ ಗುರುತು, ಒಲೆಗೆ ಹೂಡಿದ ಮೂರು ಮೂರು ಕಲ್ಲು, ಕರಿ ಬೂದಿ. ಎಲ್ಲರೂ ಬಂಡಿ ಬಿಡುವ ಜಾಗವೇ ಅದು, ಯಾರ ಒಲೆಯೋ ಯಾರಿಗೆ ಗೊತ್ತು. ಚನ್ನವ್ವ ಮಾತ್ರ ಆ ಕಲ್ಲುಗಳ ಹತ್ತಿರ ಹೋಗಿ ಕೂತಳು, ಬುತ್ತಿ ಬಿಚ್ಚಿ ಒಂದು ರೊಟ್ಟಿಯನ್ನು ಕಲ್ಲಿನ ಮೇಲೆ ಇಟ್ಟಳು.

ಐಗಳು ರುಮಾಲಿನಿಂದ ತಮ್ಮ ಕಾಗದ ತೆಗೆದರು. ರುಮಾಲನ್ನು ಮತ್ತೆ ಸರಿಯಾಗಿ, ಎತ್ತರಕ್ಕೆ ಸುತ್ತಿಕೊಂಡರು. ನೀರಿನ ಕಡೆ ಮುಖ ಮಾಡಿ ನಿಂತು, ಸಾಲಿನ ಕೆಳಗೆ ಬೆರಳು ಸರಿಸುತ್ತ, ತಾವೇ ಬರೆದ ಮೋಡಿಯನ್ನು ತಡವರಿಸಿ ತಡವರಿಸಿ ಓದಿದರು:

"ಪ್ರಭು, ನಿನ್ನ ಕಾಗದ ಬಂದಿತ್ತು. ನನಗ ಓದಾಕ ತಿಳೀಲಿಲ್ಲ. ಓದಿಸೂದರೊಳಗ ದಿನಾ ಹೋಗಿತ್ತು. ಸಿಟ್ಟಿಗಲ್ಲಪಾ. ಸಿಟ್ಟ ಹೋಗಿ ಭಾಳ ವರ್ಷ ಆಗಿದ್ವು, ಹೇಳಾಕ ನಾಚಿಕಿ ಬಂದಿತ್ತು. ನಿಮ್ಮವ್ವ ಬಾಗಲದಾಗ ಕುಂತಿದ್ಲು. ನೀ ಬರದ ನನ್ನ ಹೆಸರ ಕಾಲಿಂದ ಅಳಸಿದ್ದೆ. ಈಗ ನಾನ ಬರಿಯಾಕ ಕಲತೇನಿ, ಕೈ ನಡಗತೈತಿ. ನಿನ್ನ ಕೂಡ ಮಾತಾಡಬೇಕಂತ ಬರದೇನಿ."

ಮುಗಿಸಿ ಕಾಗದ ಮಡಿಸಹೋದರು. ಹಳ್ಳ ಒಂದೇ ಸಮನೆ ಭೋರ್ಗರೆಯುತ್ತಿತ್ತು. ಚನ್ನವ್ವ ಕೂತಲ್ಲಿಂದಲೇ ಹೇಳಿದಳು: "ಇನ್ನೊಮ್ಮಿ ಓದ್ರಿ. ನೀರಿನ ಸಪ್ಪಳಕ್ಕ ಅವಗ ಕೇಳಿರಲಿಕ್ಕಿಲ್ಲ."

ಐಗಳು ಮೊದಲಿನಿಂದ ಓದಿದರು, ಈ ಸಲ ಇನ್ನೂ ಗಟ್ಟಿಯಾಗಿ.